ಸಹಾಯ ಬೇಕು: ನೀರಿನ ಸಭೆಯಲ್ಲಿ ಎಲ್ಲರನ್ನೂ ಮಾತಾಡಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಸಿಂಧನೂರು ತಾಲೂಕಿನ ನಮ್ಮೂರ ನೀರು ಬಳಕೆದಾರರ ಸಂಘಕ್ಕೆ ಈ ಸಲ ನಾನು ಅಧ್ಯಕ್ಷ. ತುಂಗಭದ್ರಾ ಎಡದಂಡೆ ಕಾಲುವೆ ಕಥೆ ಗೊತ್ತಲ್ವಾ? ಮೇಲ್ಭಾಗದವರು ಭತ್ತ ಹಚ್ಚುತ್ತಾರೆ, ಕೊನೆ ಭಾಗಕ್ಕೆ ನೀರು ಮುಟ್ಟೋದೇ ಕಷ್ಟ. 2024ರ ಆಗಸ್ಟ್‌ನಲ್ಲಿ ಡ್ಯಾಮಿನ 19ನೇ ಗೇಟ್ ಕೊಚ್ಚಿ ಹೋದ ಮೇಲಂತೂ ಭಯ ಜಾಸ್ತಿ.

ಸಭೆಯಲ್ಲಿ ಮೇಲಿನವರದೇ ಮಾತು. ಕೊನೆಯವರು ಸುಮ್ನೆ ಕೂತು, ಆಮೇಲೆ ಚಹಾದಂಗಡಿಯಲ್ಲಿ ಬೈಯುತ್ತಾರೆ. ಹೊಲ ತಮ್ಮ ಹೆಸರಲ್ಲೇ ಇರುವ ಹೆಣ್ಣುಮಕ್ಕಳು ಬರೋದೇ ಇಲ್ಲ.

ಕೊನೆ ತೂಬಿನವರಿಗೆ ಮೊದಲ ಮಾತು ಕೊಟ್ಟು, ಎಲ್ಲರೂ ಕೂಡಿ ಕಾಲುವೆಗುಂಟ ನಡೆದು ನೋಡಿ, ಆಮೇಲೆ ನೀರು ಬಿಡುವ ಸರದಿ ಬರೆಯೋಣ ಅಂತಿದ್ದೇನೆ. ಸಭೆಯನ್ನೂ ಕಾಲುವೆ ದಂಡೆ ಮೇಲೆ ಇಡುವ ವಿಚಾರವಿದೆ. ಗುಡಿ ಕಟ್ಟೆಗೆ ಎಲ್ಲರೂ ಬರಲ್ಲ, ಕಾರಣ ನಿಮಗೂ ಗೊತ್ತು.

ಗಂಗಾವತಿ, ಮಾನ್ವಿ, ಸಿರುಗುಪ್ಪ ಕಡೆ ಹೀಗೆ ಮಾಡಿದವರು ಇದ್ದೀರಾ? ಹಿರಿಯರಿಗೆ ಸಿಟ್ಟು ಬರದಂತೆ ಮಾತು ತಡೆಯೋದು ಹೇಗೆ? ರಾತ್ರಿ ಸರದಿ ಯಾರಿಗೆ ಹಾಕಿದಿರಿ?