ಕಬ್ಬಿಣ ಕೆಲಸದವರ ಪಗಾರ: ಕಾರವಾರ, ಗೋವಾ, ಬೆಂಗಳೂರು – ಕೈಯಲ್ಲಿ ಉಳಿಯುವುದು ಎಲ್ಲಿ?

ಪ್ರಶ್ನೆ, ಶಿರಸಿಯಿಂದ

ಶಿರಸಿಯ ಫ್ಯಾಬ್ರಿಕೇಶನ್ ಅಂಗಡಿಯೊಂದರಲ್ಲಿ ಗೇಟು, ಗ್ರಿಲ್, ಶೀಟ್ ಚಾವಣಿಯ ಕೆಲಸ ಮಾಡುತ್ತಿದ್ದೇನೆ. ಸರಳು ಕಟ್ಟುವ ಕೆಲಸವೂ ಬರುತ್ತದೆ. ಮಳೆಗಾಲದಲ್ಲಿ ಇಲ್ಲಿ ಕೆಲಸ ತೀರಾ ಕಡಿಮೆ. ಕಾರವಾರದ ದೊಡ್ಡ ಸೈಟಿಗೆ ಒಬ್ಬ ಗುತ್ತಿಗೆದಾರರು, ಗೋವಾದ ವಾಸ್ಕೋಗೆ ಇನ್ನೊಬ್ಬರು, ಬೆಂಗಳೂರಿಗೆ ಪರಿಚಯದ ಮೇಸ್ತ್ರಿಯೊಬ್ಬರು ಕರೆದಿದ್ದಾರೆ. ದಿನದ ದರ ಬೆಂಗಳೂರಿನಲ್ಲಿ ಹೆಚ್ಚು, ಕಾರವಾರದಲ್ಲಿ ಕಡಿಮೆ. ಮನೆಯಲ್ಲಿ ಹೆಂಡತಿ ಮತ್ತು ಸಣ್ಣ ಮಗು ಇದ್ದಾರೆ. ಈ ಊರುಗಳಲ್ಲಿ ದುಡಿದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ, ಕಾರವಾರದಿಂದ

ನಾನು ಸರಳು ಕಟ್ಟುವವನು. ಮೂರು ದರಗಳನ್ನು ಅಕ್ಕಪಕ್ಕ ಬರೆದು ಹೋಲಿಸಬೇಡಿ. ವರ್ಷಕ್ಕೆ ಎಷ್ಟು ಹಾಜರಿ ಬೀಳುತ್ತದೆ ಎಂದು ಮೊದಲು ಕೇಳಿ. ಉದಾಹರಣೆಗೆ, ದಿನಕ್ಕೆ 1,100 ರೂಪಾಯಿಯಂತೆ 210 ದಿನ ದುಡಿದರೆ 2,31,000 ರೂಪಾಯಿ ಆಗುತ್ತದೆ. 900 ರೂಪಾಯಿಯಂತೆ 290 ದಿನ ದುಡಿದರೆ 2,61,000 ಆಗುತ್ತದೆ. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಯಲಿನ ಕೆಲಸ ನಂಬುವಂತಿಲ್ಲವಾದ್ದರಿಂದ, ಮಳೆಗಾಲದಲ್ಲಿ ಯಾರ್ಡಿನ ಶೆಡ್ಡಿನೊಳಗೆ ರಿಂಗ್ ಬಗ್ಗಿಸುವ, ಸರಳು ಕತ್ತರಿಸುವ ಕೆಲಸ ಕೊಡುತ್ತಾರೆಯೇ, ಇಲ್ಲವೇ ಮಳೆ ಬಂದ ದಿನ ಹಾಜರಿ ಹಾಕದೆ ಕಳುಹಿಸುತ್ತಾರೆಯೇ ಎಂಬುದನ್ನು ಸೇರುವ ಮೊದಲೇ ಬಾಯಿಬಿಟ್ಟು ಕೇಳಬೇಕು.

ಇನ್ನೊಂದು ಸಂಗತಿ ಗೇಟ್ ಪಾಸಿನದು. ಸೀಬರ್ಡ್ ನೌಕಾನೆಲೆಯಾಗಲಿ, ತಲಾ 700 ಮೆಗಾವಾಟಿನ 5 ಮತ್ತು 6ನೇ ಘಟಕಗಳ ಕೆಲಸವಿರುವ ಕೈಗಾ ಅಣು ವಿದ್ಯುತ್ ಸ್ಥಾವರವಾಗಲಿ, ಪೊಲೀಸ್ ಪರಿಶೀಲನೆ ಮುಗಿಯದೆ ಒಳಗೆ ಕಾಲಿಡುವಂತಿಲ್ಲ. ಅಂತಹ ಸೈಟಾದರೆ ಪಾಸಿಗಾಗಿ ಕಾಯುವ ದಿನಗಳ ಊಟದ ಖರ್ಚು ಯಾರದ್ದು? ನನ್ನ ಹಿಂದಿನ ಗುತ್ತಿಗೆದಾರರೊಬ್ಬರು ಆ ಖರ್ಚನ್ನು ಮುಂಗಡವೆಂದು ಬರೆದುಕೊಂಡು ಮೊದಲ ಪಗಾರದಲ್ಲಿಯೇ ಕಡಿದುಕೊಂಡರು.

ದಿನದ ದರದ ಬದಲು, ಕಟ್ಟಿದ ಸರಳಿನ ಟನ್ ಲೆಕ್ಕದಲ್ಲಿ ಹಣ ಕೊಡುತ್ತೇವೆಂದು ಕರೆದರೆ ಇನ್ನೂ ಎಚ್ಚರಿಕೆ ಬೇಕು. 12 ಮೀಟರ್ ಉದ್ದದ 25 ಮಿ.ಮೀ. ಸರಳು ಒಂದಕ್ಕೆ 46 ಕಿಲೋ ತೂಗುತ್ತದೆ. ಇಪ್ಪತ್ತೆರಡು ಸರಳು ಹಾಕುವಷ್ಟರಲ್ಲಿ ಒಂದು ಟನ್ ಮುಗಿಯುತ್ತದೆ. ಅದೇ 8 ಮಿ.ಮೀ. ಸರಳು ಐದು ಕಿಲೋ ಕೂಡ ತೂಗುವುದಿಲ್ಲ. ಟನ್ನಿಗೆ ಇನ್ನೂರಕ್ಕೂ ಹೆಚ್ಚು ಸರಳುಗಳನ್ನು ಹರಡಬೇಕು, ಅವು ಒಂದನ್ನೊಂದು ದಾಟುವಲ್ಲಿ ಬಗ್ಗಿ ಕುಳಿತು ಬೈಂಡಿಂಗ್ ತಂತಿ ಸುತ್ತಬೇಕು. ಸೇತುವೆಯ ಅಡಿಪಾಯಕ್ಕೂ ಮನೆಯ ಸ್ಲ್ಯಾಬಿಗೂ ಟನ್ನಿಗೆ ಒಂದೇ ದರ ಹೇಳುವವರ ಬಳಿ ಹೋಗಬೇಡಿ. ಸೊಂಟ ಸೋಲುವುದು ಸ್ಲ್ಯಾಬಿನಲ್ಲಿಯೇ.

ಉತ್ತರ, ಮಾಜಾಳಿಯಿಂದ

ನಾನು ಗೋವಾದಲ್ಲಿ ವೆಲ್ಡಿಂಗ್ ಮತ್ತು ಸ್ಟ್ರಕ್ಚರ್ ಕೆಲಸಕ್ಕೆ ಹೋಗುತ್ತೇನೆ. ದರ ಕಾರವಾರಕ್ಕಿಂತ ಹೆಚ್ಚು ಸಿಕ್ಕಿದೆ, ಕೊಂಕಣಿ ಬಂದರೆ ಒಡನಾಟ ಸುಲಭ. ಆದರೆ ಗಡಿಯಲ್ಲಿರುವ ನಮಗೆ ಒಪ್ಪುವ ಲೆಕ್ಕ ಶಿರಸಿಯವರಾದ ನಿಮಗೆ ಒಪ್ಪಲಾರದು. ನಾವು ಕಾಣಕೋಣ, ಮಡಗಾಂವ್ ಕಡೆ ಹೋಗಿ ರಾತ್ರಿ ಮನೆಗೆ ಬರುತ್ತೇವೆ. ನೀವು ಖೋಲಿ ಹಿಡಿಯಬೇಕಾಗುತ್ತದೆ, ಪ್ರವಾಸಿಗರು ತುಂಬುವ ತಿಂಗಳುಗಳಲ್ಲಿ ಬಾಡಿಗೆ ಏರುತ್ತದೆ. ಓಡಾಡಿ ಕೆಲಸ ಮಾಡುತ್ತೇನೆ ಎಂದುಕೊಂಡವರು 2024ನ್ನು ಮರೆಯಬಾರದು. ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಮುಚ್ಚಿತು, ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆಯ ಸೇತುವೆ ಬಿದ್ದಿತು. ದಾರಿ ಇಲ್ಲದ ದಿನ ಹಾಜರಿಯೂ ಇಲ್ಲ. ನಿಮ್ಮಲ್ಲಿ ಪೈಪ್ ವೆಲ್ಡಿಂಗಿನ 6ಜಿ ಪರೀಕ್ಷೆ (ಓರೆಯಾಗಿ ಅಲುಗದಂತೆ ನಿಲ್ಲಿಸಿದ ಪೈಪನ್ನು ಸುತ್ತಲೂ ಬೆಸೆದು ತೋರಿಸುವುದು) ಪಾಸಾಗುವ ಕೈ ಇದ್ದರೆ ಮಾತ್ರ ವಾಸ್ಕೋದ ದರವನ್ನು ಹಟ ಹಿಡಿದು ಕೇಳಬಹುದು. ಗ್ರಿಲ್ ಕೆಲಸದ ಅನುಭವವೊಂದನ್ನೇ ನಂಬಿ ಹೋದರೆ ಹೆಲ್ಪರ್ ಪಗಾರಕ್ಕೆ ನಿಲ್ಲಿಸುತ್ತಾರೆ.

ಉತ್ತರ, ಅಂಕೋಲಾದಿಂದ

ನನ್ನ ಯಜಮಾನರು ಬೆಂಗಳೂರಿನಲ್ಲಿ ಬಾರ್ ಬೆಂಡಿಂಗ್, ಅಂದರೆ ಸರಳು ಬಗ್ಗಿಸಿ ಕಟ್ಟುವ ಕೆಲಸ ಮಾಡುತ್ತಾರೆ, ಮನೆಯ ಲೆಕ್ಕ ನಾನು ಬರೆಯುತ್ತೇನೆ. ಮೊದಲು ಎಲ್ಲರೂ ಅಲ್ಲಿಯೇ ಇದ್ದೆವು. ಹೆಚ್ಚಾಗಿ ಬಂದ ಪಗಾರ ಬಾಡಿಗೆ, ಹಲವು ತಿಂಗಳ ಡಿಪಾಸಿಟ್, ನೀರಿನ ಟ್ಯಾಂಕರ್ ಮತ್ತು ಮಗುವಿನ ಶಾಲೆಗೆ ಹೋಯಿತು. ಊರಿನಲ್ಲಿ ಸ್ವಂತ ಮನೆ, ಬಾವಿ, ನಾಲ್ಕು ತೆಂಗಿನ ಮರ ಇರುವಾಗ ತೆಂಗಿನಕಾಯಿಯನ್ನೂ ಕೊಂಡು ತಿನ್ನುವ ಸ್ಥಿತಿ ಬಂದದ್ದು ನನಗೆ ಸಹಿಸಲಾಗಲಿಲ್ಲ. ಈಗ ಅವರು ಸೈಟಿನ ಶೆಡ್ಡಿನಲ್ಲಿದ್ದಾರೆ, ನಾನು ಮಕ್ಕಳೊಂದಿಗೆ ಇಲ್ಲಿದ್ದೇನೆ. ಬಾಡಿಗೆ ಉಳಿದಿದೆ ನಿಜ, ಆದರೆ ಎರಡು ಕಡೆ ಒಲೆ ಉರಿಯುತ್ತದೆ, ಹಬ್ಬಕ್ಕೆ ಬಂದು ಹೋಗುವ ರೈಲು ಖರ್ಚಿನ ಜೊತೆಗೆ ಆ ದಿನಗಳ ಹಾಜರಿಯೂ ಹೋಗುತ್ತದೆ. ಇಲ್ಲಿ ಎಲ್ಲವೂ ಅಗ್ಗ ಎಂದೂ ತಿಳಿಯಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯದ ಕಾಲದಲ್ಲಿ ಬಂಗಡೆಯ ಬೆಲೆ ಕೇಳಿ ಬುಟ್ಟಿಯ ಮುಂದಿನಿಂದ ಹಾಗೆಯೇ ಬಂದದ್ದಿದೆ. ದೊಡ್ಡ ಕಾಯಿಲೆಯಾದರೆ ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾಕ್ಕೆ ಓಡಬೇಕು. ಆದರೂ ಮಗು ಸಣ್ಣದಿರುವಾಗ ನಾನಾಗಿದ್ದರೆ ಕಾರವಾರವನ್ನೇ ಆರಿಸುತ್ತಿದ್ದೆ, ಏಕೆಂದರೆ ವಾರದ ರಜೆಗೆ ಶಿರಸಿ ಮುಟ್ಟಬಹುದು.

ಉತ್ತರ, ಕುಮಟಾದಿಂದ

ನಾನು ಗುತ್ತಿಗೆದಾರರೊಬ್ಬರಲ್ಲಿ ಹಾಜರಿ ಮತ್ತು ಪಗಾರದ ಲೆಕ್ಕ ಬರೆಯುವವನು. ಮೇಲಿನವರು ಹೇಳದೆ ಬಿಟ್ಟದ್ದನ್ನಷ್ಟೇ ಸೇರಿಸುತ್ತೇನೆ. ಕನಿಷ್ಠ ವೇತನವು ಕೆಲಸಗಾರನ ಕುಶಲತೆಯ ವರ್ಗಕ್ಕೆ ತಕ್ಕಂತೆ ಬದಲಾಗುವುದರಿಂದ, ಪಗಾರದ ಚೀಟಿಯಲ್ಲಿ ನಿಮ್ಮನ್ನು ಕುಶಲ ಎಂದು ಬರೆದಿದ್ದಾರೆಯೇ, ಹೆಲ್ಪರ್ ಎಂದು ಬರೆದಿದ್ದಾರೆಯೇ ನೋಡಿ. ಓಟಿಗೆ, ಅಂದರೆ ಹೆಚ್ಚುವರಿ ಗಂಟೆಗಳ ದುಡಿಮೆಗೆ, ಸಾಮಾನ್ಯ ದರದ ಎರಡು ಪಟ್ಟು ಕೊಡಬೇಕು. ಅನೇಕರು ಒಂದೇ ಪಟ್ಟು ಕೊಟ್ಟು ಮುಗಿಸುತ್ತಾರೆ. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಇದನ್ನು ಶಿರಸಿ ಬಿಡುವ ಮೊದಲೇ ಮಾಡಿಸಿ. ಪಿಎಫ್ ಪಿಂಚಣಿಗೆ ಒಟ್ಟು 10 ವರ್ಷಗಳ ಸೇವೆ ಬೇಕು. ಗುತ್ತಿಗೆದಾರ ಬದಲಾದಾಗಲೆಲ್ಲ ಹೊಸ ಯುಎಎನ್ (ಪಿಎಫ್ ಸದಸ್ಯರ ಗುರುತಿನ ಸಂಖ್ಯೆ) ತೆಗೆಸಿಕೊಂಡವರ ಸೇವೆ ಚೂರುಚೂರಾಗಿ ಉಳಿದುಬಿಡುತ್ತದೆ. ಆದ್ದರಿಂದ ಯಾವ ಊರಿಗೆ ಹೋದರೂ ಹಳೆಯ ಸಂಖ್ಯೆಯನ್ನೇ ಕೊಡಿ, ಮೊದಲ ತಿಂಗಳ ಹಣ ಅದೇ ಖಾತೆಗೆ ಬಿದ್ದಿದೆಯೇ ಎಂದು ಮೊಬೈಲಿನಲ್ಲಿ ನೋಡಿಕೊಳ್ಳಿ.