ಕರ್ಣವು ಹಾದುಹೋಗುವ ಚೌಕಗಳು: ಸೂತ್ರ ಸಿಕ್ಕಿದೆ, ಸಮರ್ಥನೆ ಹೇಗೆ?

ಪ್ರಶ್ನೆ

ಚೌಕಳಿ ಕಾಗದದ ಗೆರೆಗಳಿಗೆ ಹೊಂದಿಕೊಂಡಂತೆ ಒಂದು ಆಯತವನ್ನು ರಚಿಸಿ, ಒಂದು ಮೂಲೆಯಿಂದ ಎದುರು ಮೂಲೆಗೆ ಕರ್ಣವನ್ನು ಎಳೆದರೆ ಅದು ಎಷ್ಟು ಚೌಕಗಳ ಒಳಗೆ ಹಾದುಹೋಗುತ್ತದೆ ಎಂಬುದು ನನ್ನ ಗಣಿತ ಅನ್ವೇಷಣೆಯ ವಿಷಯ. 2×3 ಆಯತದಲ್ಲಿ 4, 3×4 ರಲ್ಲಿ 6, 3×5 ರಲ್ಲಿ 7, 4×7 ರಲ್ಲಿ 10, 5×8 ರಲ್ಲಿ 12 ಚೌಕಗಳು ಸಿಕ್ಕಿದವು. ಕೋಷ್ಟಕವನ್ನು ನೋಡಿ, ಚೌಕಗಳ ಸಂಖ್ಯೆ = ಉದ್ದ + ಅಗಲ − 1 ಎಂಬ ಸಾಮಾನ್ಯ ಹೇಳಿಕೆಯನ್ನು ಬರೆದೆ. ಶಿಕ್ಷಕರು ಅದರ ಪಕ್ಕದಲ್ಲಿ "ಏಕೆ ನಿಜ? ಯಾವ ಆಯತಗಳಿಗೆ ನಿಜ?" ಎಂದಷ್ಟೇ ಬರೆದು ಹಿಂದಿರುಗಿಸಿದ್ದಾರೆ. ಇನ್ನೂ ಹತ್ತು ಆಯತಗಳನ್ನು ಪರೀಕ್ಷಿಸಿ ಕೋಷ್ಟಕವನ್ನು ಬೆಳೆಸಿದರೆ ಅದು ಸಮರ್ಥನೆಯಾಗುತ್ತದೆಯೇ?

ಉತ್ತರ 1

ಆಗುವುದಿಲ್ಲ. ಒಂದು ಸಂಖ್ಯೆಯ ವರ್ಗಕ್ಕೆ ಅದೇ ಸಂಖ್ಯೆಯನ್ನೂ 41 ನ್ನೂ ಕೂಡಿಸಿದಾಗ ಬರುವ ಬೆಲೆಯು, 0 ಯಿಂದ 39 ರವರೆಗಿನ ನಲವತ್ತೂ ಸಂಖ್ಯೆಗಳಿಗೆ ಅವಿಭಾಜ್ಯವಾಗಿಯೇ ಇರುತ್ತದೆ; 40 ನ್ನು ಇಟ್ಟ ಕೂಡಲೇ 1681, ಅಂದರೆ 41×41, ಬಂದು ನಿಯಮ ಮುರಿಯುತ್ತದೆ. ಗಣಿತಜ್ಞ ಆಯ್ಲರ್ ಗುರುತಿಸಿದ ಈ ಉದಾಹರಣೆಯ ಮುಂದೆ ನಿಮ್ಮ ಐದು ಸಾಲುಗಳಾಗಲಿ, ಹದಿನೈದು ಸಾಲುಗಳಾಗಲಿ ದೊಡ್ಡ ಸಾಕ್ಷ್ಯವೇನಲ್ಲ.

ಹಾಗೆಂದು ಉದಾಹರಣೆಗಳು ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಊಹೆ ಹುಟ್ಟುವುದು ಅವುಗಳಿಂದಲೇ. ಆದರೆ ಊಹೆ ಹುಟ್ಟಿದ ಮೇಲೆ ಅದನ್ನು ಮೆಚ್ಚಿಸುವ ಉದಾಹರಣೆಗಳನ್ನಲ್ಲ, ಕೆಡವಬಲ್ಲ ಉದಾಹರಣೆಗಳನ್ನು ಹುಡುಕಬೇಕು. ನೀವು ಆರಿಸಿದ ಐದೂ ಜೋಡಿಗಳಲ್ಲಿ ಒಂದು ಸಮಾನ ಗುಣ ಅಡಗಿದೆ. 4×6 ನ್ನೂ 3×3 ನ್ನೂ ಎಳೆದು ನೋಡಿ.

ಉತ್ತರ 2

ಚೌಕಗಳನ್ನು ಎಣಿಸುವುದನ್ನು ಬಿಟ್ಟು, ಕರ್ಣವು ದಾಟುವ ಗೆರೆಗಳನ್ನು ಎಣಿಸಿ. ಕಾರಣ ತಾನಾಗಿ ಕಾಣುತ್ತದೆ. ಕರ್ಣವು ಮೂಲೆಯ ಚೌಕದಲ್ಲಿ ಆರಂಭವಾಗುವುದರಿಂದ ಮೊದಲೇ ಒಂದು ಚೌಕ ಲೆಕ್ಕಕ್ಕೆ ಬಂದಿರುತ್ತದೆ, ಅಲ್ಲಿಂದ ಮುಂದೆ ಒಳಗಿನ ಒಂದೊಂದು ಗೆರೆಯನ್ನು ದಾಟಿದಾಗಲೂ ಅದು ಒಂದೊಂದು ಹೊಸ ಚೌಕವನ್ನು ಪ್ರವೇಶಿಸುತ್ತದೆ. ಒಳಗಿನ ಲಂಬ ಗೆರೆಗಳು ಉದ್ದಕ್ಕಿಂತ ಒಂದು ಕಡಿಮೆ, ಅಡ್ಡ ಗೆರೆಗಳು ಅಗಲಕ್ಕಿಂತ ಒಂದು ಕಡಿಮೆ. ಆದ್ದರಿಂದ ಒಟ್ಟು 1 + (ಉದ್ದ − 1) + (ಅಗಲ − 1), ಅಂದರೆ ಉದ್ದ + ಅಗಲ − 1. ನಿಮ್ಮ ಸೂತ್ರದಲ್ಲಿನ ಆ "−1" ಎಲ್ಲಿಂದ ಬಂತು ಎಂಬುದನ್ನು ಕೋಷ್ಟಕ ಎಂದಿಗೂ ಹೇಳುತ್ತಿರಲಿಲ್ಲ.

ಈ ವಾದದಲ್ಲಿ ಒಂದು ಷರತ್ತು ಸದ್ದಿಲ್ಲದೆ ನುಸುಳಿದೆ: ಕರ್ಣವು ಒಂದು ಲಂಬ ಗೆರೆಯನ್ನೂ ಒಂದು ಅಡ್ಡ ಗೆರೆಯನ್ನೂ ಒಂದೇ ಬಿಂದುವಿನಲ್ಲಿ ದಾಟಬಾರದು. ದಾಟಿದರೆ ಎರಡು ಗೆರೆಗಳಿಗೆ ಒಂದೇ ಹೊಸ ಚೌಕ ಸಿಗುತ್ತದೆ.

ಪ್ರಶ್ನೆ ಕೇಳಿದವರು

4×6 ರಲ್ಲಿ 9 ರ ಬದಲು 8, 3×3 ರಲ್ಲಿ 5 ರ ಬದಲು 3 ಬಂದವು; 6×9 ರಲ್ಲಿ 12. ಮಹತ್ತಮ ಸಾಮಾನ್ಯ ಅಪವರ್ತನವನ್ನು (ಮ.ಸಾ.ಅ.) ಕಳೆದರೆ ಎಲ್ಲವೂ ಸರಿಹೊಂದುತ್ತವೆ: ಉದ್ದ + ಅಗಲ − ಮ.ಸಾ.ಅ. ಆದರೆ ಇದನ್ನೂ ನಾನು ಕೋಷ್ಟಕ ನೋಡಿಯೇ ಬರೆದಿದ್ದೇನೆ. ಹಳೆಯ ಸೂತ್ರವನ್ನು ವರದಿಯಿಂದ ತೆಗೆದುಹಾಕಲೇ?

ಉತ್ತರ 3

ಖಂಡಿತ ತೆಗೆಯಬೇಡಿ. ಹಳೆಯ ಹೇಳಿಕೆ ತಪ್ಪಲ್ಲ, ಅದಕ್ಕೆ ಮೇರೆ ಹಾಕಿರಲಿಲ್ಲ, ಅಷ್ಟೇ. 4×6 ಆಯತವನ್ನು ಮತ್ತೊಮ್ಮೆ ನೋಡಿ: ಅದರ ಕರ್ಣದ ಉದ್ದಕ್ಕೂ ಎರಡು 2×3 ಆಯತಗಳು ಮೂಲೆಗೆ ಮೂಲೆ ತಾಗಿಕೊಂಡು ಪೋಣಿಸಿದಂತೆ ಇವೆ. ಒಂದೊಂದರಲ್ಲೂ ನಿಮ್ಮ ಹಳೆಯ ಸೂತ್ರದಂತೆ 4 ಚೌಕಗಳು, ಒಟ್ಟು 8. ಹಾಗೆಯೇ ಮ.ಸಾ.ಅ. ದ ಆಗಿದ್ದು, ಉದ್ದ = ದ × ಪ, ಅಗಲ = ದ × ರ ಎಂದು ಬರೆದರೆ, ಒಟ್ಟು ಚೌಕಗಳು ದ × (ಪ + ರ − 1), ಅಂದರೆ ಉದ್ದ + ಅಗಲ − ದ. ಹೊಸ ಸೂತ್ರವು ಹಳೆಯದರ ಹೆಗಲ ಮೇಲೆಯೇ ನಿಂತಿದೆ.

ಉತ್ತರ 2 ಬರೆದವರು

ಪೋಣಿಸಿದ ಆಯತಗಳ ವಾದ ನನ್ನದಕ್ಕಿಂತ ಅಂದವಾಗಿದೆ ಎಂದು ಒಪ್ಪುತ್ತೇನೆ, ಆದರೆ ಅದರಲ್ಲಿ ಒಂದು ಕಂಡಿ ಉಳಿದಿದೆ. ಪ ಮತ್ತು ರ ಗಳಿಗೆ 1 ನ್ನು ಬಿಟ್ಟರೆ ಬೇರೆ ಸಾಮಾನ್ಯ ಅಪವರ್ತನ ಇಲ್ಲದಿದ್ದಾಗ, ಸಣ್ಣ ಆಯತದ ಒಳಗೆ ಕರ್ಣವು ಯಾವ ಗೆರೆಕೂಟದ ಮೇಲೂ ಹಾಯುವುದಿಲ್ಲ ಎಂಬುದನ್ನು ತೋರಿಸಿಲ್ಲ. ಪರೀಕ್ಷಕರು ಕೈಯಿಡುವುದು ಅಲ್ಲಿಯೇ. ಮೂಲೆಯಿಂದ ಅಡ್ಡಲಾಗಿ ಯ ಮನೆ ಸರಿದಾಗ ಕರ್ಣದ ಎತ್ತರ ರ × ಯ ÷ ಪ ಆಗಿರುತ್ತದೆ. ಯ ಪೂರ್ಣಾಂಕವಾಗಿದ್ದು ಎತ್ತರವೂ ಪೂರ್ಣಾಂಕವಾಗಬೇಕಾದರೆ, ರ × ಯ ಗುಣಲಬ್ಧವನ್ನು ಪ ನಿಶ್ಶೇಷವಾಗಿ ಭಾಗಿಸಬೇಕು. ರ ದೊಂದಿಗೆ ಪ ಗೆ ಹಂಚಿಕೊಳ್ಳಲು ಏನೂ ಇಲ್ಲದ ಕಾರಣ ಅದು ಯ ವನ್ನೇ ಭಾಗಿಸಬೇಕಾಗುತ್ತದೆ. ಆದರೆ ಆಯತದ ಒಳಗೆ ಯ ಬೆಲೆಯು 1 ರಿಂದ ಪ − 1 ರವರೆಗೆ ಮಾತ್ರ ಇರುವುದರಿಂದ ಅದು ಸಾಧ್ಯವಿಲ್ಲ. ಈ ನಾಲ್ಕು ಸಾಲುಗಳನ್ನು ಸೇರಿಸಿದರೆ ಸಮರ್ಥನೆ ಪೂರ್ಣವಾಗುತ್ತದೆ.

ಹೇಳಿಕೆಯ ಪಕ್ಕದಲ್ಲಿ "ಉದ್ದ ಮತ್ತು ಅಗಲ ಧನ ಪೂರ್ಣಾಂಕಗಳಾಗಿದ್ದಾಗ" ಎಂದು ಬರೆಯುವುದನ್ನು ಮರೆಯಬೇಡಿ. ಬಾಹು 2.5 ಇದ್ದರೆ ಮ.ಸಾ.ಅ. ಎಂಬ ಮಾತಿಗೇ ಅರ್ಥವಿರುವುದಿಲ್ಲ. ಉದ್ದವೂ ಅಗಲವೂ ಸಮನಾಗಿದ್ದಾಗ, ಮತ್ತು ಅಗಲ 1 ಆಗಿದ್ದಾಗ, ಉತ್ತರ ಉದ್ದದಷ್ಟೇ ಬರಬೇಕೆಂಬುದು ಚಿತ್ರ ನೋಡಿದರೆ ತಿಳಿಯುತ್ತದೆ. ಸೂತ್ರವೂ ಅದನ್ನೇ ಕೊಡುತ್ತದೆ.

ಉತ್ತರ 1 ಬರೆದವರು

ವರದಿಯ ಕ್ರಮದ ಬಗ್ಗೆ ಒಂದು ಮಾತು: ಮೊದಲ ಊಹೆ, ಅದನ್ನು ಕೆಡವಿದ 4×6, ತಿದ್ದಿದ ಹೇಳಿಕೆ, ಆಮೇಲೆ ಕಾರಣ, ಹೀಗೆ ನಡೆದದ್ದನ್ನು ನಡೆದಂತೆಯೇ ಇಡಿ. ಮೊದಲೇ ಎಲ್ಲವೂ ಗೊತ್ತಿದ್ದವರಂತೆ ಬರೆದ ವರದಿಯಲ್ಲಿ ಅನ್ವೇಷಣೆಯೇ ಕಾಣುವುದಿಲ್ಲ.

ಸಮಯವಿದ್ದರೆ ಸಣ್ಣ ಘನಗಳಿಂದ ಕಟ್ಟಿದ ಪೆಟ್ಟಿಗೆಯ ಕರ್ಣವು ಎಷ್ಟು ಘನಗಳ ಒಳಗೆ ಹಾದುಹೋಗುತ್ತದೆ ಎಂಬುದನ್ನು ಪ್ರಯತ್ನಿಸಿ. ಅಲ್ಲಿ ಮೂರು ಅಳತೆಗಳ ಮೊತ್ತದಿಂದ ಎರಡೆರಡರ ಮ.ಸಾ.ಅ. ಗಳನ್ನು ಕಳೆದು, ಮೂರರ ಮ.ಸಾ.ಅ. ವನ್ನು ಮತ್ತೆ ಕೂಡಿಸಬೇಕಾಗುತ್ತದೆ. 2×2×2 ಕ್ಕೆ 6 − 6 + 2, ಅಂದರೆ 2 ಬರುತ್ತದೆ. ಕೊನೆಯದನ್ನು ಏಕೆ ಮರಳಿ ಕೂಡಿಸಬೇಕು ಎಂಬುದನ್ನು, ಕರ್ಣವು ಏಕಕಾಲದಲ್ಲಿ ದಾಟುವ ಮೇಲ್ಮೈಗಳನ್ನು ಎಣಿಸಿ ನೀವೇ ಕಂಡುಕೊಳ್ಳಬಹುದು.