ಲಿನಕ್ಸ್ ‘ಸಿಗ್ನಲ್’ಗೆ, ‘ಬ್ರೋಕನ್ ಪೈಪ್’ಗೆ ಕನ್ನಡದಲ್ಲಿ ಏನನ್ನುತ್ತೀರಿ?

ನಮಸ್ಕಾರ.

ಕಾಫಿ ತೋಟಗಳಿಂದ ದಿನದ ಮಳೆ ಲೆಕ್ಕವನ್ನು ಮಡಿಕೇರಿಯ ಸರ್ವರ್‌ಗೆ ಕಳಿಸುವ ಲಿನಕ್ಸ್ ಪ್ರೋಗ್ರಾಮಿಗೆ ಕನ್ನಡ ಕೈಪಿಡಿ ಬರೆಯುತ್ತಿದ್ದೇನೆ. ಓದುವವರು ತೋಟದ ರೈಟರ್‌ಗಳು (ಲೆಕ್ಕ ಬರೆಯುವ ಗುಮಾಸ್ತರು), ಮಳೆಯನ್ನು ಇಂಚು-ಸೆಂಟಿನಲ್ಲೇ ಹೇಳುವವರು. ‘ಪ್ರೋಗ್ರಾಂ ತಾನಾಗೇ ನಿಂತುಹೋದರೆ’ ಎಂಬ ಅಧ್ಯಾಯದಲ್ಲಿ ಪದಗಳು ತಡವರಿಸುತ್ತಿವೆ.

ಕ್ರ್ಯಾಶ್‌ಗೆ ‘ಕುಸಿತ’ ಕೊಡಗಿನಲ್ಲಿ ಆಗದು. 2018ರ ಆಗಸ್ಟ್ ನಂತರ ಇಲ್ಲಿ ಕುಸಿತ ಅಂದರೆ ಬರೆ (ಗುಡ್ಡದ ಇಳಿಜಾರು) ಕುಸಿತ. ‘ಕ್ರ್ಯಾಶ್’ ಎಂದೇ ಇಟ್ಟಿದ್ದೇನೆ.

ನಿಜವಾದ ತೊಡಕು ‘ಸಿಗ್ನಲ್’ನದು, ಅಂದರೆ ಓಡುತ್ತಿರುವ ಪ್ರೋಗ್ರಾಮಿಗೆ ಕರ್ನೆಲ್ (ಲಿನಕ್ಸಿನ ತಿರುಳು) ಮುಟ್ಟಿಸುವ, ನಂಬರ್ ಇರುವ ಸೂಚನೆಯದು. ಸರ್ವರ್ ಸಂಪರ್ಕ ಮುಚ್ಚಿದ ಮೇಲೂ ಪ್ರೋಗ್ರಾಂ ಅದೇ ಸಾಕೆಟ್ಟಿಗೆ (ಸಂಪರ್ಕದ ಈ ಕಡೆಯ ತುದಿಗೆ) ಬರೆಯಲು ಹೋಗುತ್ತದೆ. ಮೊದಲ ಸಲ ಸಾಮಾನ್ಯವಾಗಿ ಎಲ್ಲ ಸರಿಯಿದ್ದಂತೆಯೇ ಕಾಣುತ್ತದೆ. ಆ ಕಡೆಯಿಂದ ರೀಸೆಟ್ (‘ಈ ಸಂಪರ್ಕ ಈಗಿಲ್ಲ’ ಎಂಬ ಉತ್ತರ) ಬಂದ ಮೇಲೆ ಮತ್ತೆ ಬರೆದರೆ ಕರ್ನೆಲ್ 13ನೇ ಸಿಗ್ನಲ್ ಆದ ಸಿಗ್‌ಪೈಪನ್ನು ಕಳಿಸುತ್ತದೆ. ಪ್ರೋಗ್ರಾಂ ಏನೂ ಏರ್ಪಾಡು ಮಾಡಿಕೊಂಡಿರದಿದ್ದರೆ ಅಲ್ಲಿಗೆ ಮುಗಿಯಿತು. ಸಾಯುವಾಗಿನ ಮೆಮೊರಿಯ ಪ್ರತಿಯಾದ ಕೋರ್ ಫೈಲ್ ಸಿಗುವುದಿಲ್ಲ, ಕಮ್ಯಾಂಡ್ ಓಡಿಸುವ ಬ್ಯಾಷ್ ಕೂಡ ಪಿಟಿಕ್ಕೆನ್ನುವುದಿಲ್ಲ. ಎಕ್ಸಿಟ್ ಕೋಡ್ (ಪ್ರೋಗ್ರಾಂ ಹೇಗೆ ಮುಗಿಯಿತೆಂದು ಹೇಳುವ ಸಂಖ್ಯೆ) ಕೇಳಿದರೆ 141, ಅಂದರೆ 128ಕ್ಕೆ 13 ಕೂಡಿಸಿದ್ದು. 139 ಇದ್ದರೆ ಕಥೆಯೇ ಬೇರೆ: ಅದು 11ನೆಯದು, ಮೆಮೊರಿಯ ತಕರಾರು. ಇಷ್ಟನ್ನೂ ‘ಸಿಗ್ನಲ್ ಬಂದು ಪ್ರೋಗ್ರಾಂ ನಿಂತಿತು’ ಎಂದು ಬರೆದು ರೈಟರ್ ಒಬ್ಬರಿಗೆ ತೋರಿಸಿದೆ. ‘ಅಲ್ಲ ಸಾರ್, ನಮ್ಮಲ್ಲಿ ಸಿಗ್ನಲ್ ಹೋದ್ರಲ್ವಾ ಎಲ್ಲಾ ನಿಲ್ಲೋದು?’ ಅಂದರು.

‘ಸನ್ನೆ’ ತೀರಾ ಮೆದು, ಸನ್ನೆಗೆ ಯಾರೂ ಸಾಯುವುದಿಲ್ಲ. ‘ಆಜ್ಞೆ’ ಅನ್ನೋಣವೆಂದರೆ ಸಿಗ್‌ಪೈಪನ್ನು ಪ್ರೋಗ್ರಾಂ ಬೇಕಾದರೆ ಕಡೆಗಣಿಸಬಹುದು; ಕಡೆಗಣಿಸಲಾಗದ 9ನೇ ಸಿಗ್ನಲ್ಲಿಗಾದರೆ ಒಪ್ಪುತ್ತಿತ್ತು. ‘ಸಂಜ್ಞೆ’ ವ್ಯಾಕರಣದ ಪಾಠಕ್ಕೇ ಸರಿ.

ಹಾಗೆ ಕಡೆಗಣಿಸಿದಾಗ ಪ್ರೋಗ್ರಾಂ ಉಳಿಯುತ್ತದೆ, ಬರೆಯಲು ಕರ್ನೆಲ್ಲಿಗೆ ಮಾಡಿದ ಕರೆ ಮಾತ್ರ ‘ಬ್ರೋಕನ್ ಪೈಪ್’ ಎಂಬ ಎರರ್ ಹೊತ್ತು ವಾಪಸು ಬರುತ್ತದೆ. ಇದನ್ನು ‘ಪೈಪ್ ಒಡೆದಿದೆ’ ಎಂದು ಲಾಗಿನಲ್ಲಿ ತೋರಿಸಿದರೆ, ಹೂವಿಗೆ ಸ್ಪ್ರಿಂಕ್ಲರ್ ಹಾಕುವ ಫೆಬ್ರವರಿ-ಮಾರ್ಚಿನಲ್ಲಂತೂ ಜನ ಸ್ಪ್ಯಾನರ್ ಹಿಡಿದು ಹೊರಟೇಬಿಡುತ್ತಾರೆ. ‘ಲೈನ್ ಕಟ್ಟಾಗಿದೆ’ ಅಂದರೂ ತಂತಿಯ ಮೇಲೆ ಮರ ಬಿದ್ದಿರಬೇಕು ಅಂದುಕೊಳ್ಳುತ್ತಾರೆ. ಸದ್ಯಕ್ಕೆ ‘ಸರ್ವರ್ ಲೈನ್ ಕಟ್ ಮಾಡಿದೆ’ ಎಂದು ಹಾಕಿದ್ದೇನೆ. ಫೋನಿನಲ್ಲಿ ‘ಕಟ್ಟಾಯ್ತು’ ಬೇರೆ, ‘ಕಟ್ ಮಾಡಿದ’ ಬೇರೆ, ಅದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಸಿಗ್ನಲ್‌ಗೆ ಮಾತ್ರ ಇನ್ನೂ ಏನೂ ಹೊಳೆದಿಲ್ಲ. ಯೂನಿಕ್ಸ್-ಲಿನಕ್ಸ್ ಪಾಠ ಕನ್ನಡದಲ್ಲಿ ಹೇಳಿಕೊಡುವವರು ತರಗತಿಯಲ್ಲಿ ಬಾಯಿಮಾತಿಗೆ ಏನು ಬಳಸುತ್ತೀರಿ?